ಒಂದು ಗೇಣಿನ ವಿಮಾನಕ್ಕೆ ದೀಪ ಹಾಕುವುದು ಹೇಗೆ?

ನವರಾತ್ರಿ ಬಂತೆಂದರೆ ನಮ್ಮ ಅಕ್ಕನ ಮನೆಯಲ್ಲಿ ಗೊಂಬೆ ಮೆಟ್ಟಿಲಿಗಿಂತ ಅದರ ಪಕ್ಕದ ನೆಲದ ಹತ್ತಿರವೇ ಮಕ್ಕಳು ಜಾಸ್ತಿ ಸೇರುತ್ತಾರೆ. ಒಂದು ವರ್ಷ ರಾಗಿ ಮೊಳಕೆ ಬರಿಸಿದ ಪಾರ್ಕು, ಇನ್ನೊಂದು ವರ್ಷ ಸಂತೆ. ಹೋದ ವರ್ಷ ವಿಮಾನ ನಿಲ್ದಾಣ. ಎಂಟನೇ ಕ್ಲಾಸಿನ ಅಕ್ಕನ ಮಗಳು ಪ್ಲಾಸ್ಟಿಕ್ ಕಿಟ್ ತರಿಸಿ, ಏರ್‌ಬಸ್ ಎ320 ವಿಮಾನದ ಮಾಡೆಲ್ ಜೋಡಿಸುತ್ತಿದ್ದಳು. ಎರಡು ಹೋಳನ್ನು ಅಂಟಿಸಿ ಮುಚ್ಚುವ ಮೊದಲು ನನ್ನನ್ನು ಕರೆದಳು. "ಮಾವ, ಇದಕ್ಕೆ ನಿಜವಾದ ವಿಮಾನದ ಥರ ದೀಪ ಹಾಕಿಕೊಡು."

ಅದೇನು ಮಹಾ ಅಂದುಕೊಂಡೆ. ಕೆಂಪು, ಹಸಿರು, ಬಿಳಿ ಮೂರು ಎಲ್‌ಇಡಿ ತಗೊಂಡು, ಮೂರರ ಪ್ಲಸ್ ಕಾಲು ಒಂದು ಕಡೆ, ಮೈನಸ್ ಕಾಲು ಒಂದು ಕಡೆ ಸೇರಿಸಿದೆ. ಮಧ್ಯೆ ಒಂದೇ ಒಂದು ರೆಸಿಸ್ಟರ್, ಅಂದರೆ ಕರೆಂಟ್ ಜಾಸ್ತಿ ನುಗ್ಗದಂತೆ ತಡೆಯುವ ಪುಟ್ಟ ಬಿಡಿಭಾಗ. ಹಳೆಯ ಮೊಬೈಲ್ ಚಾರ್ಜರ್‌ಗೆ ಸಿಕ್ಕಿಸಿ ಸ್ವಿಚ್ ಹಾಕಿದೆ. ಕೆಂಪು ಮಾತ್ರ ಹತ್ತಿತು. "ಹಸಿರು ಸತ್ತೋಯ್ತಾ ಮಾವ?" ಅಂದಳು. ಹಸಿರನ್ನು ಬಿಚ್ಚಿ ಒಂದನ್ನೇ ಕೊಟ್ಟು ನೋಡಿದರೆ ಕಣ್ಣು ಕುಕ್ಕುವಷ್ಟು ಉರಿಯಿತು. ಬಿಳಿಯೂ ಅಷ್ಟೇ. ಮತ್ತೆ ಮೂರನ್ನೂ ಸೇರಿಸಿದರೆ ಪುನಃ ಕೆಂಪು ಮಾತ್ರ.

ಯಾಕೆ ಹೀಗಾಯಿತು ಎನ್ನುವುದು ಗೊತ್ತಾದರೆ ಮಾಡೆಲ್‌ಗೆ ದೀಪ ಹಾಕುವ ಕೆಲಸದ ಮುಕ್ಕಾಲು ಪಾಲು ಗೊತ್ತಾದ ಹಾಗೆ. ಅದಕ್ಕೆ ಮೊದಲು, ವಿಮಾನದಲ್ಲಿ ಯಾವ ದೀಪ ಎಲ್ಲಿರುತ್ತದೆ ಎಂದು ನೋಡೋಣ.

ಎಡಕ್ಕೆ ಕೆಂಪು, ಬಲಕ್ಕೆ ಹಸಿರು

ಎಡ ರೆಕ್ಕೆಯ ತುದಿಯಲ್ಲಿ ಕೆಂಪು, ಬಲ ರೆಕ್ಕೆಯ ತುದಿಯಲ್ಲಿ ಹಸಿರು, ಬಾಲದಲ್ಲಿ ಬಿಳಿ. ಇವು ನ್ಯಾವಿಗೇಶನ್ ದೀಪಗಳು. ಇವು ಮಿಣುಕುವುದಿಲ್ಲ, ಒಂದೇ ಸಮ ಉರಿಯುತ್ತವೆ. ಎಡ, ಬಲ ಅಂದರೆ ಪೈಲಟ್ ಕೂತು ಮುಂದೆ ನೋಡುವಾಗಿನ ಎಡ, ಬಲ. ಇದು ಹಡಗುಗಳಿಂದ ಬಂದ ಪದ್ಧತಿ. ಕೆಂಪು ಮತ್ತು ಹಸಿರು ದೀಪ ತಲಾ 110 ಡಿಗ್ರಿ ಅಗಲಕ್ಕೆ ಕಾಣಬೇಕು, ಬಾಲದ ಬಿಳಿ 140 ಡಿಗ್ರಿಗೆ. ಕೂಡಿದರೆ ಸರಿಯಾಗಿ 360. ಅಂದರೆ ರಾತ್ರಿ ಯಾವ ದಿಕ್ಕಿನಿಂದ ನೋಡಿದರೂ ಒಂದು ಬಣ್ಣ ಕಂಡೇ ಕಾಣುತ್ತದೆ. ದೇವನಹಳ್ಳಿ ಕಡೆ ಹೋದಾಗ ನೋಡಿ. ಕೆಂಪು ನಿಮ್ಮ ಬಲಕ್ಕೂ ಹಸಿರು ನಿಮ್ಮ ಎಡಕ್ಕೂ ಕಂಡರೆ ವಿಮಾನ ನಿಮ್ಮ ಕಡೆಗೇ ಬರುತ್ತಿದೆ.

ಇನ್ನು ಮಿಣುಕುವ ದೀಪಗಳು. ವಿಮಾನದ ಬೆನ್ನಿನ ಮೇಲೊಂದು, ಹೊಟ್ಟೆಯ ಕೆಳಗೊಂದು ಕೆಂಪು ದೀಪ. ಇದಕ್ಕೆ ಬೀಕನ್ ಅನ್ನುತ್ತಾರೆ. ರೆಕ್ಕೆ ತುದಿಗಳಲ್ಲಿ ಮತ್ತು ಬಾಲದಲ್ಲಿ ಛಕ್ಕೆಂದು ಹೊಳೆಯುವ ಬಿಳಿ ದೀಪವೂ ಇರುತ್ತದೆ. ಅದು ಸ್ಟ್ರೋಬ್. ಇಂಥ ದೀಪಗಳು ನಿಮಿಷಕ್ಕೆ 40ರಿಂದ 100 ಸಲ ಮಿಣುಕಬೇಕೆಂದು ಅಮೆರಿಕದ ವಿಮಾನಯಾನ ನಿಯಮ ಹೇಳುತ್ತದೆ. ಮಾಡೆಲ್‌ಗೂ ಇದೇ ಅಳತೆ ಇಟ್ಟುಕೊಂಡರೆ ನೋಟ ಸರಿಯಾಗಿರುತ್ತದೆ. ಅಂಗಡಿ ಬೋರ್ಡಿನ ಥರ ಪಟಪಟ ಮಿಣುಕಿದರೆ ಆಟಿಕೆ ಅನ್ನಿಸಿಬಿಡುತ್ತದೆ.

ಎಲ್‌ಇಡಿ ಎಂದರೆ ಕೋಡಿ ಬೀಳುವ ಕೆರೆ

ಹಳೆಯ ಬಲ್ಬಿನಲ್ಲಿ ಒಂದು ತಂತಿ ಕಾದು ಕೆಂಪಾಗಿ ಬೆಳಕು ಕೊಡುತ್ತಿತ್ತು. ಕರೆಂಟ್ ಎಷ್ಟು ಹರಿಯಬೇಕೆಂದು ಆ ತಂತಿಯೇ ತಡೆದು ಹದ ಮಾಡುತ್ತಿತ್ತು. ಎಲ್‌ಇಡಿಗೆ ಆ ಗುಣ ಇಲ್ಲ. ಇಡೀ ವೈರಿಂಗ್‌ನ ತಲೆನೋವು ಶುರುವಾಗುವುದು ಇಲ್ಲಿಂದಲೇ.

ಒಂದು ಕೆರೆ ನೆನಪಿಸಿಕೊಳ್ಳಿ. ಮಳೆ ಬರುತ್ತಿದೆ, ನೀರು ಏರುತ್ತಿದೆ. ಕೋಡಿಯ ಮಟ್ಟ ಮುಟ್ಟುವ ತನಕ ಆಚೆಗೆ ಒಂದು ಹನಿಯೂ ಹೋಗಲ್ಲ. ಮುಟ್ಟಿದ ಮೇಲೆ ಒಂದೆರಡು ಅಂಗುಲ ಏರಿದರೂ ಸಾಕು, ಕೋಡಿ ಭೋರ್ಗರೆಯುತ್ತದೆ. ಎಲ್‌ಇಡಿಯೂ ಹೀಗೇ. ನೀರಿನ ಮಟ್ಟವನ್ನು ವೋಲ್ಟ್ ಅಂದುಕೊಳ್ಳಿ, ಕೋಡಿಯಲ್ಲಿ ಹರಿಯುವ ನೀರನ್ನು ಕರೆಂಟ್ ಅಂದುಕೊಳ್ಳಿ. ಒಂದು ಮಟ್ಟದ ತನಕ ದೀಪ ಹತ್ತುವುದೇ ಇಲ್ಲ. ಅದು ದಾಟಿದ ಮೇಲೆ ವೋಲ್ಟ್ ಚೂರೇ ಚೂರು ಏರಿದರೂ ಕರೆಂಟ್ ವಿಪರೀತ ನುಗ್ಗುತ್ತದೆ. ತಡೆಯುವವರಿಲ್ಲದಿದ್ದರೆ ಎಲ್‌ಇಡಿ ಸುಟ್ಟುಹೋಗುತ್ತದೆ.

ಈ ಕೋಡಿಯ ಎತ್ತರ ಬಣ್ಣದಿಂದ ಬಣ್ಣಕ್ಕೆ ಬೇರೆ. ಕೆಂಪಿಗೆ ಸುಮಾರು 2 ವೋಲ್ಟ್. ನೀಲಿಗೆ ಸುಮಾರು 3. ಕಾರಣ ಇಷ್ಟೆ. ಎಲ್‌ಇಡಿಯ ಒಳಗಿನ ಹರಳಿನಲ್ಲಿ ಎಲೆಕ್ಟ್ರಾನ್ ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಬೀಳುತ್ತದೆ, ಬಿದ್ದಾಗ ಕಳೆದುಕೊಂಡ ಶಕ್ತಿ ಬೆಳಕಾಗಿ ಬರುತ್ತದೆ. ಕೆಂಪು ಬೆಳಕಿಗೆ ಕಡಿಮೆ ಶಕ್ತಿ ಸಾಕು, ಮೆಟ್ಟಿಲು ಗಿಡ್ಡ. ನೀಲಿಗೆ ಜಾಸ್ತಿ ಬೇಕು, ಮೆಟ್ಟಿಲು ಎತ್ತರ. ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ ಎಂಬ ಅಮೆರಿಕನ್ ವಿಜ್ಞಾನಿ 1962ರಲ್ಲೇ ಮಾಡಿ ತೋರಿಸಿದ್ದರು. ಪ್ರಖರವಾದ ನೀಲಿಗೆ 1990ರ ದಶಕದ ತನಕ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು.

ಬಿಳಿ ಎಲ್‌ಇಡಿಯ ಗುಟ್ಟು ಇನ್ನೂ ಚಂದ. ಸಾಮಾನ್ಯವಾಗಿ ಸಿಗುವ ಬಿಳಿ ಎಲ್‌ಇಡಿ ಒಳಗೆ ನೀಲಿಯೇ. ಮೇಲೊಂದು ಹಳದಿ ಪುಡಿಯ ಲೇಪ ಇರುತ್ತದೆ. ನೀಲಿ ಮತ್ತು ಹಳದಿ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಹಾಗಾಗಿ ಬಿಳಿಗೂ 3 ವೋಲ್ಟ್ ಬೇಕು. ಈಗ ಸಿಗುವ ಅಚ್ಚ ಹಸಿರು ಎಲ್‌ಇಡಿಯೂ ನೀಲಿಯ ಸಂಬಂಧಿಯೇ, ಅದಕ್ಕೂ 3ರ ಆಸುಪಾಸು.

ಹಾಗಾದರೆ ಕೆಂಪು ಮಾತ್ರ ಹತ್ತಿದ್ದು ಯಾಕೆ?

ಈಗ ಮೂರು ಕೋಡಿ ಇರುವ ಒಂದೇ ಕೆರೆ ಅಂದುಕೊಳ್ಳಿ. ಒಂದು ಕೋಡಿ 2 ಅಡಿ ಎತ್ತರದಲ್ಲಿದೆ, ಉಳಿದೆರಡು 3 ಅಡಿಯಲ್ಲಿ. ಕೆರೆಗೆ ನೀರು ಬರುವುದು ಒಂದೇ ಸಣ್ಣ ಕಾಲುವೆಯಿಂದ. ನೀರು 2 ಅಡಿ ಮುಟ್ಟಿದ ಕೂಡಲೇ ಮೊದಲ ಕೋಡಿಯಿಂದ ಹರಿದುಹೋಗುತ್ತದೆ. ಬಂದಷ್ಟೂ ಅಲ್ಲೇ ಖಾಲಿ. 3 ಅಡಿಗೆ ಏರುವುದು ಎಲ್ಲಿಂದ ಬಂತು?

ನಾನು ಮಾಡಿದ್ದು ಇದನ್ನೇ. ಒಂದೇ ರೆಸಿಸ್ಟರ್‌ನಿಂದ ಬಂದ ಕರೆಂಟನ್ನು ಕೆಂಪು ಎಲ್‌ಇಡಿ ಪೂರಾ ಕುಡಿದುಬಿಟ್ಟಿತು. ಮೂರರ ಅಡ್ಡವೂ ವೋಲ್ಟ್ 2ಕ್ಕೇ ನಿಂತಿತು. ವೋಲ್ಟ್ ಅಳೆಯುವ ಮಲ್ಟಿಮೀಟರ್ ಇಟ್ಟು ನೋಡಿದಾಗ 1.9 ತೋರಿಸಿತು. ಕೆಂಪನ್ನು ಬಿಚ್ಚಿದ ಕೂಡಲೇ 2.7ಕ್ಕೆ ಹಾರಿ, ಹಸಿರು ಮತ್ತು ಬಿಳಿ ಎರಡೂ ಹತ್ತಿದವು. ಯಾವುದೂ ಸತ್ತಿರಲಿಲ್ಲ. ಪಾಲು ಸಿಕ್ಕಿರಲಿಲ್ಲ, ಅಷ್ಟೇ.

ಪರಿಹಾರ ಸುಲಭ. ಪ್ರತಿ ಎಲ್‌ಇಡಿಗೂ ಅದರದೇ ಕಾಲುವೆ, ಅಂದರೆ ಅದರದೇ ರೆಸಿಸ್ಟರ್. ಒಂದು ರೆಸಿಸ್ಟರ್‌ನ ಬೆಲೆ ಒಂದೆರಡು ರೂಪಾಯಿ. ಅದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

"ಮತ್ತೆ ಸೀರಿಯಲ್ ಸೆಟ್‌ನಲ್ಲಿ ಅಷ್ಟೊಂದು ಬಲ್ಬ್ ಹೇಗೆ ಹತ್ತುತ್ತವೆ?" ಎಂದು ಅಕ್ಕನ ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಹಬ್ಬಕ್ಕೆ ಹಾಕುವ ಆ ದೀಪದ ಸರಕ್ಕೆ ಸೀರಿಯಲ್ ಎಂಬ ಹೆಸರು ಬಂದಿರುವುದೇ ಬಲ್ಬುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತಿರುವುದರಿಂದ. ಮೊದಲ ಬಲ್ಬ್ ದಾಟಿದ ಕರೆಂಟೇ ಎರಡನೆಯದಕ್ಕೆ, ಅದನ್ನು ದಾಟಿದ್ದೇ ಮೂರನೆಯದಕ್ಕೆ. ಮನೆಯ 230 ವೋಲ್ಟ್ ಅಷ್ಟೂ ಬಲ್ಬಿಗೆ ಹಂಚಿಹೋಗಿ, ಒಂದೊಂದಕ್ಕೆ ನಾಲ್ಕಾರು ವೋಲ್ಟ್ ಬೀಳುತ್ತದೆ. ಅದಕ್ಕೇ ಹಳೆಯ ಸೆಟ್‌ನಲ್ಲಿ ಒಂದು ಬಲ್ಬ್ ಹೋದರೆ ಇಡೀ ಸರ ಆರಿಹೋಗುತ್ತಿತ್ತು. ಯಾವುದು ಹೋಗಿದೆ ಎಂದು ಒಂದೊಂದನ್ನೇ ಹಿಚುಕಿ ನೋಡುತ್ತಾ ಕೂತ ಸಂಜೆಗಳು ಯಾರಿಗೆ ನೆನಪಿಲ್ಲ?

ಸಾಲಾಗಿ ಕಟ್ಟಿದರೆ ಕೋಡಿಗಳ ಎತ್ತರ ಒಂದರ ಮೇಲೊಂದು ಸೇರುತ್ತದೆ. ಎರಡು ಬಿಳಿ ಎಲ್‌ಇಡಿ ಸಾಲಾಗಿ ಬಂದರೆ 6 ವೋಲ್ಟ್ ಬೇಕು. ಮೊಬೈಲ್ ಚಾರ್ಜರ್ ಕೊಡುವುದು 5. ಹತ್ತಲ್ಲ. ಎರಡು ಕೆಂಪಾದರೆ 4 ವೋಲ್ಟ್, ಹತ್ತುತ್ತದೆ. ಆದರೆ ರೆಸಿಸ್ಟರ್‌ಗೆ ಉಳಿಯುವುದು 1 ವೋಲ್ಟ್ ಮಾತ್ರ. ಎಲ್‌ಇಡಿಯಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಬೆಳಕು ಏರುಪೇರಾಗುತ್ತದೆ. ನನ್ನ ಮಟ್ಟಿಗೆ, ಸಣ್ಣ ಮಾಡೆಲ್‌ಗೆ ಸಾಲು ಬೇಡ. ಪ್ರತಿಯೊಂದಕ್ಕೂ ಬೇರೆ ದಾರಿ ಇರಲಿ.

ರೆಸಿಸ್ಟರ್ ಎಷ್ಟರದ್ದು?

ಲೆಕ್ಕ ಒಂದೇ ಸಾಲಿನದು. ಕೊಡುವ ವೋಲ್ಟ್‌ನಲ್ಲಿ ಎಲ್‌ಇಡಿಯ ಕೋಡಿ ವೋಲ್ಟ್ ಕಳೆಯಿರಿ. ಉಳಿದದ್ದನ್ನು ಬೇಕಾದ ಕರೆಂಟಿನಿಂದ ಭಾಗಿಸಿ. ಉತ್ತರ ಓಮ್‌ನಲ್ಲಿ ಬರುತ್ತದೆ.

ಸಾಮಾನ್ಯ ಸಣ್ಣ ಎಲ್‌ಇಡಿಗಳು 20 ಮಿಲಿಆಂಪ್ ತನಕ ತಡೆಯುತ್ತವೆ. ಮಿಲಿಆಂಪ್ ಅಂದರೆ ಆಂಪಿಯರ್‌ನ ಸಾವಿರದಲ್ಲಿ ಒಂದು ಪಾಲು. ಆದರೆ ಅಷ್ಟು ಕೊಟ್ಟರೆ ಗೊಂಬೆ ನೋಡಲು ಬಂದವರು ಕಣ್ಣಿಗೆ ಕೈ ಅಡ್ಡ ಹಿಡಿಯಬೇಕಾಗುತ್ತದೆ. ಮಾಡೆಲ್‌ಗೆ 3 ಮಿಲಿಆಂಪ್ ಧಾರಾಳ.

ಕೆಂಪಿಗೆ: 5ರಲ್ಲಿ 2 ಹೋದರೆ 3 ವೋಲ್ಟ್. ಅದನ್ನು 0.003ರಿಂದ ಭಾಗಿಸಿದರೆ 1000 ಓಮ್. ಅಂಗಡಿಯಲ್ಲಿ 1 ಕೆ ಅಂತ ಕೇಳಿ. ಕಂದು, ಕಪ್ಪು, ಕೆಂಪು ಪಟ್ಟಿ ಇರುತ್ತದೆ. ಬಿಳಿಗೆ: 5ರಲ್ಲಿ 3 ಹೋದರೆ 2. ಭಾಗಿಸಿದರೆ 667. ಆ ಅಳತೆಯದು ಸಿಗಲ್ಲ, ಹತ್ತಿರದ 680 ತಗೊಳ್ಳಿ.

ಹಸಿರಿಗೂ 680 ತಾನೇ ಅಂದುಕೊಂಡೀರಿ. ಲೆಕ್ಕಕ್ಕೆ ಸರಿ, ಕಣ್ಣಿಗೆ ಸರಿಯಲ್ಲ. ನಮ್ಮ ಕಣ್ಣು ಹಸಿರಿಗೆ ಎಲ್ಲಕ್ಕಿಂತ ಬೇಗ ಸ್ಪಂದಿಸುತ್ತದೆ. ಹಗಲಿನಲ್ಲಿ 555 ನ್ಯಾನೋಮೀಟರ್ ಅಲೆಯುದ್ದದ ಹಸಿರು ಬೆಳಕಿಗೆ ಕಣ್ಣಿನ ಚುರುಕು ಅತಿ ಹೆಚ್ಚು. ಕೆಂಪಿಗೆ ಕೊಟ್ಟಷ್ಟೇ ಕರೆಂಟನ್ನು ಹಸಿರಿಗೂ ಕೊಟ್ಟರೆ ಬಲ ರೆಕ್ಕೆ ಮಾತ್ರ ಉರಿಯುತ್ತಿರುವಂತೆ ಕಾಣುತ್ತದೆ. ನಾವು ಕೊನೆಗೆ ಹಸಿರಿಗೆ ಹಾಕಿದ್ದು 4.7 ಕೆ. ಹರಿಯುವುದು ಅರ್ಧ ಮಿಲಿಆಂಪ್ ಆಸುಪಾಸು. ಆಗಲೇ ಎರಡೂ ರೆಕ್ಕೆ ಸಮ ಅನ್ನಿಸಿದ್ದು.

ಇದನ್ನು ಲೆಕ್ಕದಿಂದ ಮೊದಲೇ ಹೇಳಲು ಆಗಲ್ಲ. ಕತ್ತಲು ಮಾಡಿ, ಕೂತು, ನೋಡಿ ಹೊಂದಿಸಬೇಕು. ಆದ್ದರಿಂದ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ರೆಸಿಸ್ಟರ್‌ಗಳನ್ನು ವಿಮಾನದ ಒಳಗೆ ಇಡಬೇಡಿ. ಕೆಳಗಿನ ಸ್ಟ್ಯಾಂಡಿನ ಪೆಟ್ಟಿಗೆಯಲ್ಲಿಡಿ. ವಿಮಾನವನ್ನು ಒಮ್ಮೆ ಅಂಟಿಸಿದ ಮೇಲೆ ಬಿಚ್ಚಲು ಆಗಲ್ಲ. ಪೆಟ್ಟಿಗೆಯನ್ನು ಎಷ್ಟು ಸಲ ಬೇಕಾದರೂ ಬಿಚ್ಚಬಹುದು. ರೆಸಿಸ್ಟರ್ ಎಲ್‌ಇಡಿಯ ಪಕ್ಕದಲ್ಲಿದ್ದರೂ ಒಂದು ಅಡಿ ದೂರದಲ್ಲಿದ್ದರೂ, ಪ್ಲಸ್ ಕಡೆ ಇದ್ದರೂ ಮೈನಸ್ ಕಡೆ ಇದ್ದರೂ ಕೆಲಸ ಒಂದೇ. ಕಾಲುವೆ ಎಲ್ಲಿ ಕಿರಿದಾದರೇನು, ಹರಿಯುವ ನೀರು ಅಷ್ಟೇ ತಾನೇ?

72 ಸೆಂಟಿಮೀಟರ್ ಬಲ್ಬ್

ನಿಜವಾದ ಎ320 ವಿಮಾನದ ಉದ್ದ 37.57 ಮೀಟರ್. ನಮ್ಮ ಕಿಟ್ 1:144 ಅಳತೆಯದು. ಅಂದರೆ ನಿಜವಾದದ್ದರ 144ರಲ್ಲಿ ಒಂದು ಪಾಲು, ಉದ್ದ ಸುಮಾರು 26 ಸೆಂಟಿಮೀಟರ್. ಒಂದು ಗೇಣಿಗಿಂತ ಚೂರು ಜಾಸ್ತಿ. ಒಡಲಿನ ಕೊಳವೆಯ ಅಗಲ 27 ಮಿಲಿಮೀಟರ್ ಅಷ್ಟೇ.

ಈಗ ಎಲ್ಲ ಕಡೆ ಸಿಗುವ 5 ಮಿಲಿಮೀಟರ್ ಎಲ್‌ಇಡಿಯನ್ನು ರೆಕ್ಕೆಯ ತುದಿಗೆ ಇಟ್ಟರೆ? 5 ಗುಣಿಸು 144. ನಿಜ ವಿಮಾನದ ಲೆಕ್ಕದಲ್ಲಿ 72 ಸೆಂಟಿಮೀಟರ್ ಅಗಲದ ಬಲ್ಬ್. ನೀರಿನ ಡ್ರಮ್ ನೇತುಹಾಕಿದ ಹಾಗೆ. 3 ಮಿಲಿಮೀಟರಿನದ್ದೂ ದೊಡ್ಡದೇ. ಹಾಗಾಗಿ ಚಿಪ್ ಎಲ್‌ಇಡಿ ಬೇಕು. ಇವುಗಳ ಅಳತೆಯನ್ನು ನಾಲ್ಕು ಅಂಕಿಯಲ್ಲಿ ಹೇಳುತ್ತಾರೆ. 0805 ಅಂದರೆ 2 ಮಿಲಿಮೀಟರ್ ಉದ್ದ, 0603 ಅಂದರೆ 1.6, 0402 ಅಂದರೆ 1 ಮಿಲಿಮೀಟರ್ ಉದ್ದ, ಅರ್ಧ ಮಿಲಿಮೀಟರ್ ಅಗಲ. ರಾಗಿ ಕಾಳಿಗಿಂತ ಚಿಕ್ಕದು. ಕೆಳಗೆ ಬಿದ್ದರೆ ಹುಡುಕುವ ಆಸೆ ಬಿಡಿ.

ಇದಕ್ಕೆ ತಂತಿ ಬೆಸೆಯುವುದು ಕಣ್ಣು, ಕೈ, ತಾಳ್ಮೆ ಮೂರನ್ನೂ ಪರೀಕ್ಷೆ ಮಾಡುವ ಕೆಲಸ. ಮೊದಲ ಸಲ ಮಾಡುವವರು ತಂತಿ ಬೆಸೆದೇ ಬರುವ ಎಲ್‌ಇಡಿ ತರಿಸಿಕೊಳ್ಳುವುದು ಜಾಣತನ. ಆನ್‌ಲೈನ್‌ನಲ್ಲಿ ಸಿಗುತ್ತವೆ. ನಾವೇ ಬೆಸೆಯುತ್ತೇವೆ ಅನ್ನುವವರು ಟೈಲ್ಸ್ ತುಂಡಿನ ಮೇಲೆ ಎರಡೂ ಕಡೆ ಅಂಟಿರುವ ಟೇಪ್ ಹಾಕಿ, ಅದರ ಮೇಲೆ ಎಲ್‌ಇಡಿ ಕೂರಿಸಿ. ಆಗ ಅದು ಸೋಲ್ಡರಿಂಗ್ ಐರನ್ನಿಗೆ ಅಂಟಿಕೊಂಡು ಎದ್ದು ಬರಲ್ಲ.

ತಂತಿಗೆ ಮಾಮೂಲಿ ವೈರ್ ದಪ್ಪವಾಯಿತು. ಎನಾಮಲ್ ತಂತಿ ಬೇಕು. ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ನೋಡಿರುತ್ತೀರಲ್ಲ, ಕಂದು ಬಣ್ಣದ ಹೊಳೆಯುವ ತಾಮ್ರದ ತಂತಿ, ಅದು. ಬರಿಯ ತಾಮ್ರದ ಹಾಗೆ ಕಂಡರೂ ಮೈ ಮೇಲೆ ತೆಳು ಲೇಪ ಇರುತ್ತದೆ. ಎರಡು ತಂತಿ ಒಂದಕ್ಕೊಂದು ತಾಗಿದರೂ ಶಾರ್ಟ್ ಆಗಲ್ಲ. 38 ಗೇಜ್ ಅಂದರೆ 0.15 ಮಿಲಿಮೀಟರ್ ದಪ್ಪ, ನಮ್ಮ ಕೆಲಸಕ್ಕೆ ಸಾಕು. ತುದಿಯ ಲೇಪ ತೆಗೆಯದೆ ಬೆಸುಗೆ ಹಿಡಿಯಲ್ಲ. ಕೆಲವು ತಂತಿಯ ಲೇಪ ಬಿಸಿ ಬೆಸುಗೆಯಲ್ಲಿ ಅದ್ದಿದರೆ ಸುಟ್ಟುಹೋಗುತ್ತದೆ. ಮೋಟಾರ್ ತಂತಿಯದು ಅಷ್ಟು ಸುಲಭಕ್ಕೆ ಸುಡಲ್ಲ. ಬ್ಲೇಡಿನಿಂದ ಹಗುರಾಗಿ ಹೆರೆಯಬೇಕು. ದೀಪ ಹತ್ತಲಿಲ್ಲ ಎಂದರೆ ಹತ್ತರಲ್ಲಿ ಏಳು ಸಲ ತಪ್ಪು ಇಲ್ಲೇ ಇರುತ್ತದೆ.

ಯಾವುದು ಪ್ಲಸ್? ಕಾಲಿರುವ ಎಲ್‌ಇಡಿಯಲ್ಲಿ ಉದ್ದದ ಕಾಲು ಪ್ಲಸ್. ಚಿಪ್ ಎಲ್‌ಇಡಿಯಲ್ಲಿ ಹಸಿರು ಗುರುತು ಇರುವ ಕಡೆ ಸಾಮಾನ್ಯವಾಗಿ ಮೈನಸ್, ಆದರೆ ಎಲ್ಲ ಕಂಪನಿಯವರೂ ಹಾಗೇ ಮಾಡಲ್ಲ. ಮಲ್ಟಿಮೀಟರ್‌ನ ಡಯೋಡ್ ಗುರುತಿಗೆ ತಿರುಗಿಸಿ ಮುಟ್ಟಿಸಿದರೆ ಮಂದವಾಗಿ ಹತ್ತುತ್ತದೆ. ಆಗ ಕೆಂಪು ಕಡ್ಡಿ ಇರುವ ಕಡೆ ಪ್ಲಸ್. 5 ವೋಲ್ಟ್‌ನಲ್ಲಿ ತಿರುಗುಮುರುಗು ಕೊಟ್ಟರೆ ಸಾಮಾನ್ಯವಾಗಿ ಏನೂ ಆಗಲ್ಲ, ಸುಮ್ನೆ ಹತ್ತಲ್ಲ ಅಷ್ಟೇ.

ಬೆಸುಗೆ ಎಲ್ಲವನ್ನೂ ವಿಮಾನದಿಂದ ಹೊರಗೇ ಮುಗಿಸಿ. ಕಿಟ್‌ನ ಪ್ಲಾಸ್ಟಿಕ್ ಪಾಲಿಸ್ಟೈರೀನ್. 100 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗುತ್ತದೆ. ಐರನ್ನಿನ ತುದಿ 300 ಡಿಗ್ರಿ ದಾಟಿರುತ್ತದೆ. ರೆಕ್ಕೆಯ ತುದಿಯಲ್ಲಿ ಕೂತು ಬೆಸೆಯಲು ಹೋದರೆ ರೆಕ್ಕೆಯೇ ಬಾಡಿದ ಎಲೆಯ ಹಾಗೆ ಮುದುರಿಕೊಳ್ಳುತ್ತದೆ. ಕಿಟಕಿ ತೆರೆದಿಟ್ಟು ಬೆಸೆಯಿರಿ, ಆಮೇಲೆ ಕೈ ತೊಳೆಯಿರಿ. ಮಾಮೂಲಿ ಬೆಸುಗೆಯಲ್ಲಿ ಸೀಸ ಇರುತ್ತದೆ.

ಆರು ತಂತಿ ಸಾಕು

ಮೂರು ನ್ಯಾವಿಗೇಶನ್ ದೀಪ, ಎರಡು ಬೀಕನ್. ಒಟ್ಟು ಐದು. ಒಂದಕ್ಕೆ ಎರಡರಂತೆ ಹತ್ತು ತಂತಿ ಬೇಕು ಅನ್ನಿಸುತ್ತದೆ. ಬೇಡ. ಐದರ ಪ್ಲಸ್ ಕಾಲುಗಳನ್ನೂ ವಿಮಾನದ ಒಳಗೇ ಒಂದೇ ತಂತಿಗೆ ಸೇರಿಸಿ. ಮೈನಸ್ ಮಾತ್ರ ಬೇರೆ ಬೇರೆ. ಒಟ್ಟು ಆರೇ ತಂತಿ, ಹಿತ್ತಾಳೆ ಕೊಳವೆಯ ಸ್ಟ್ಯಾಂಡಿನೊಳಗೆ ಇಳಿದು ಕೆಳಗಿನ ಪೆಟ್ಟಿಗೆಗೆ ಬರುತ್ತವೆ. ಅಲ್ಲಿ ಪ್ರತಿ ಮೈನಸ್‌ಗೂ ಒಂದು ರೆಸಿಸ್ಟರ್. ಪ್ರತಿ ತಂತಿಯ ತುದಿಗೆ ಕಾಗದದ ಚೀಟಿ ಅಂಟಿಸಿ ಹೆಸರು ಬರೆಯಿರಿ. ಎಲ್ಲ ತಂತಿಯೂ ಒಂದೇ ಬಣ್ಣ, ಆಮೇಲೆ ಯಾವುದು ಯಾವುದೆಂದು ದೇವರಿಗೇ ಗೊತ್ತು.

ರೆಕ್ಕೆಯ ಕೆಳಮೈಯಲ್ಲಿ ಬ್ಲೇಡಿನಿಂದ ಸಣ್ಣ ಗೀರು ಕೊರೆದು ತಂತಿ ಮಲಗಿಸಿ. ಮೇಲೆ ಪುಟ್ಟಿ ಮೆತ್ತಿ ಉಜ್ಜಿದರೆ ಗುರುತೇ ಇರಲ್ಲ. ಮುಚ್ಚುವ ಮೊದಲು ಎಲ್ಲ ದೀಪ ಹಚ್ಚಿ ಒಂದು ರಾತ್ರಿ ಪೂರ್ತಿ ಬಿಡಿ. ನಮ್ಮದರಲ್ಲಿ ಬಾಲದ ಬಿಳಿ ಬೆಳಗಾಗುವಷ್ಟರಲ್ಲಿ ಆರಿಹೋಗಿತ್ತು. ಬೆಸುಗೆ ಬಿಟ್ಟುಕೊಂಡಿತ್ತು. ಮುಚ್ಚಿದ ಮೇಲೆ ಹಾಗಾಗಿದ್ದರೆ ಕಥೆ ಮುಗಿಯುತ್ತಿತ್ತು.

ಮಿಣುಕು ಎಲ್ಲಿಂದ ಬರುತ್ತದೆ?

ಬೀಕನ್ ಮಿಣುಕಬೇಕು. ತಾನೇ ಮಿಣುಕುವ ಎಲ್‌ಇಡಿ ಸಿಗುತ್ತದೆ. ಅದರ ಹೊಟ್ಟೆಯೊಳಗೇ ಸಣ್ಣ ಚಿಪ್ ಇರುತ್ತದೆ. ಆದರೆ ಅದರ ವೇಗ ನಮ್ಮ ಕೈಲಿಲ್ಲ. ಎರಡು ಹಾಕಿದರೆ ಸ್ವಲ್ಪ ಹೊತ್ತಿಗೆ ಒಂದರ ತಾಳ ಇನ್ನೊಂದಕ್ಕೆ ತಪ್ಪುತ್ತದೆ. ಬೆನ್ನಿನದು ಹತ್ತಿದಾಗ ಹೊಟ್ಟೆಯದು ಆರಿರುತ್ತದೆ.

ಇದಕ್ಕೆ ಹಳೆಯ, ನಂಬಿಕಸ್ಥ ಉಪಾಯ 555 ಎಂಬ ಟೈಮರ್ ಚಿಪ್. ಹಾನ್ಸ್ ಕ್ಯಾಮೆನ್‌ಜಿಂಡ್ ಎಂಬವರು ರೂಪಿಸಿದ್ದು, 1972ರಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿಗೂ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಬಿಡಿ ಭಾಗ ಮಾರುವ ಯಾವ ಅಂಗಡಿಯಲ್ಲಿ ಕೇಳಿದರೂ ಎತ್ತಿ ಕೊಡುತ್ತಾರೆ. ಹಸಿರು ಬೆಳಕಿನ 555ಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಾಕತಾಳೀಯ.

ಅದು ಕೆಲಸ ಮಾಡುವ ಬಗೆ ಹೀಗೆ. ಒಂದು ಬಕೆಟ್ ಇದೆ. ಅದು ಕೆಪಾಸಿಟರ್. ಮೇಲೆ ನಲ್ಲಿಯಿಂದ ನೀರು ತುಂಬುತ್ತಿದೆ. ಮೂರರಲ್ಲಿ ಎರಡು ಪಾಲು ತುಂಬಿದ ಕೂಡಲೇ 555 ಕೆಳಗಿನ ಬಿರಡೆ ತೆಗೆಯುತ್ತದೆ. ನೀರು ಇಳಿದು ಮೂರರಲ್ಲಿ ಒಂದು ಪಾಲಿಗೆ ಬಂದಾಗ ಮತ್ತೆ ಬಿರಡೆ ಹಾಕುತ್ತದೆ. ತುಂಬುವಾಗ ಚಿಪ್‌ನ 3ನೇ ಕಾಲಿನಲ್ಲಿ ಪ್ಲಸ್, ಖಾಲಿಯಾಗುವಾಗ ಮೈನಸ್. ನಲ್ಲಿಯ ವೇಗವನ್ನೂ ಬಿರಡೆಯ ವೇಗವನ್ನೂ ಎರಡು ರೆಸಿಸ್ಟರ್ ನಿರ್ಧರಿಸುತ್ತವೆ. ತುಂಬುವಾಗ ಕರೆಂಟ್ ಎರಡನ್ನೂ ದಾಟಿ ಬರಬೇಕು, ಖಾಲಿಯಾಗುವಾಗ ಎರಡನೆಯದನ್ನು ಮಾತ್ರ.

ಸಮಯದ ಲೆಕ್ಕವೂ ಸುಲಭ. ಓಮ್, ಕೆಪಾಸಿಟರ್‌ನ ಫ್ಯಾರಡ್, 0.693 ಇವಿಷ್ಟನ್ನು ಗುಣಿಸಿದರೆ ಸೆಕೆಂಡ್ ಬರುತ್ತದೆ. ಮೊದಲ ರೆಸಿಸ್ಟರ್ 120 ಕೆ, ಎರಡನೆಯದು 10 ಕೆ, ಕೆಪಾಸಿಟರ್ 10 ಮೈಕ್ರೋಫ್ಯಾರಡ್ ಹಾಕಿದೆವು. ತುಂಬಲು 0.9 ಸೆಕೆಂಡ್, ಖಾಲಿಯಾಗಲು 0.07 ಸೆಕೆಂಡ್. ನಿಮಿಷಕ್ಕೆ ಹೆಚ್ಚುಕಮ್ಮಿ 62 ಸಲ.

ನಮಗೆ ಬೇಕಿರುವುದು ಚಿಕ್ಕ ಮಿಂಚು, ಉದ್ದ ಕತ್ತಲು. ಅಂದರೆ ಬಕೆಟ್ ಖಾಲಿಯಾಗುವ ಆ 0.07 ಸೆಕೆಂಡಿನಲ್ಲಿ ದೀಪ ಹತ್ತಬೇಕು. ಆಗ 3ನೇ ಕಾಲು ಮೈನಸ್ ಆಗಿರುತ್ತದೆ. ನಮ್ಮ ಎಲ್‌ಇಡಿಯ ಪ್ಲಸ್ ಹೇಗೂ ಪ್ಲಸ್‌ಗೇ ಸೇರಿದೆ. ಅದರ ಮೈನಸ್ ತಂತಿಯನ್ನು ರೆಸಿಸ್ಟರ್ ಮೂಲಕ 3ನೇ ಕಾಲಿಗೆ ಕೊಟ್ಟರೆ ಮುಗಿಯಿತು. ಎಲ್ಲ ಪ್ಲಸ್ ಒಟ್ಟಿಗೆ ಸೇರಿಸಿ ಎಂದು ಮೊದಲೇ ಹೇಳಿದ್ದು ಇದಕ್ಕೇ. ಉಳಿದ ಕಾಲುಗಳು ಹೀಗೆ: 1 ಮೈನಸ್‌ಗೆ, 8 ಮತ್ತು 4 ಪ್ಲಸ್‌ಗೆ. 8ರಿಂದ 7ಕ್ಕೆ 120 ಕೆ. 7ರಿಂದ 6ಕ್ಕೆ 10 ಕೆ. 6 ಮತ್ತು 2 ಒಟ್ಟಿಗೆ ಸೇರಿ ಕೆಪಾಸಿಟರ್‌ನ ಪ್ಲಸ್‌ಗೆ. ಕೆಪಾಸಿಟರ್‌ನ ಮೈನಸ್, ಮೈನಸ್‌ಗೆ. 5ನೇ ಕಾಲು ಖಾಲಿ ಬಿಟ್ಟರೂ ನಡೆಯುತ್ತದೆ. ಬೀಕನ್ ಕ್ಷಣ ಮಾತ್ರ ಹತ್ತುವುದರಿಂದ ಅದಕ್ಕೆ ಕರೆಂಟ್ ಸ್ವಲ್ಪ ಜಾಸ್ತಿ ಕೊಡಬಹುದು. ನಾವು 560 ಓಮ್ ಹಾಕಿದೆವು, ಎರಡಕ್ಕೂ ಬೇರೆ ಬೇರೆ.

ಸ್ಟ್ರೋಬ್? ಮೊದಲ ಸಲಕ್ಕೆ ಬಿಡಿ. ಏರ್‌ಬಸ್‌ನಲ್ಲಿ ಅದು ಸಾಮಾನ್ಯವಾಗಿ ಜೋಡಿಯಾಗಿ ಮಿಂಚುತ್ತದೆ, ಛಕ್‌ಛಕ್ ಎಂದು ಎರಡು ಸಲ, ಆಮೇಲೆ ವಿರಾಮ. ಒಂದು 555ಕ್ಕೆ ಆ ತಾಳ ಬರಲ್ಲ. ಆರ್ಡುಯಿನೊ ಥರದ ಪುಟ್ಟ ಬೋರ್ಡಿಗೆ ನಾಲ್ಕು ಸಾಲು ಪ್ರೋಗ್ರಾಂ ಬರೆದರೆ ಬರುತ್ತದೆ. ಶಾಲೆಯಲ್ಲಿ ಕೋಡಿಂಗ್ ಕಲಿಯುತ್ತಿರುವ ಮಕ್ಕಳಿಗೆ ಇದನ್ನು ಬಿಟ್ಟುಕೊಡಿ.

ಬೆಳಕು ಸೋರುತ್ತದೆ

ಕಿಟ್‌ನ ಬಿಳಿ ಪ್ಲಾಸ್ಟಿಕ್ ಗಟ್ಟಿ ಅನ್ನಿಸಿದರೂ ಬೆಳಕನ್ನು ಪೂರಾ ತಡೆಯಲ್ಲ. ದೀಪ ಹಚ್ಚಿದರೆ ಮೊಟ್ಟೆಯೊಳಗೆ ಬಲ್ಬ್ ಇಟ್ಟ ಹಾಗೆ ಇಡೀ ಬಾಲ ಹೊಳೆಯುತ್ತದೆ. ಒಳಮೈಗೆ ಕಪ್ಪು ಬಣ್ಣ ಹೊಡೆಯಿರಿ, ಒಣಗಿದ ಮೇಲೆ ಅದರ ಮೇಲೊಂದು ಬಿಳಿ. ಕಪ್ಪು ತಡೆಯುತ್ತದೆ, ಬಿಳಿ ಒಳಗಿನ ಬೆಳಕನ್ನು ವಾಪಸ್ ಕಳಿಸುತ್ತದೆ. ಅಡುಗೆಮನೆಯ ಫಾಯಿಲ್ ಅಂಟಿಸುವ ಆಲೋಚನೆ ಬೇಡ. ಅದು ಲೋಹ, ಬರಿ ತಂತಿಗೆ ತಾಗಿದರೆ ಶಾರ್ಟ್.

ಎಲ್‌ಇಡಿ ಇಡಲು ಜಾಗವೇ ಇಲ್ಲದ ಕಡೆ ಪ್ಲಾಸ್ಟಿಕ್ ಆಪ್ಟಿಕಲ್ ಫೈಬರ್ ಕೆಲಸಕ್ಕೆ ಬರುತ್ತದೆ. ಅರ್ಧ ಮಿಲಿಮೀಟರ್ ದಪ್ಪದ್ದು ಸಿಗುತ್ತದೆ. ಒಂದು ತುದಿಗೆ ಎಲ್‌ಇಡಿ ಹಿಡಿದರೆ ಬೆಳಕು ಒಳಗೊಳಗೇ ಪುಟಿಯುತ್ತಾ ಇನ್ನೊಂದು ತುದಿಗೆ ಬರುತ್ತದೆ. ಆ ತುದಿಗೆ ಉರಿಯುವ ಊದುಬತ್ತಿಯ ಕೆಂಡವನ್ನು ಹತ್ತಿರ ಹಿಡಿಯಿರಿ, ಮುಟ್ಟಿಸಬೇಡಿ. ತುದಿ ಕರಗಿ ಪುಟ್ಟ ಅಣಬೆಯಂತೆ ಉಬ್ಬುತ್ತದೆ. ಥೇಟ್ ದೀಪದ ಗಾಜು. ಫೈಬರ್‌ಗೆ ಸೂಪರ್ ಗ್ಲೂ ಹಾಕಬೇಡಿ, ಬಿರುಸಾಗಿ ಮುರಿಯುತ್ತದೆ. ಮರಗೆಲಸದ ಬಿಳಿ ಅಂಟು ಸಾಕು.

ಕೊನೆಗೆ ಕರೆಂಟ್

ಮನೆಯ 230 ವೋಲ್ಟ್ ಈ ಪೆಟ್ಟಿಗೆಯ ಹತ್ತಿರ ಸುಳಿಯಬಾರದು. ಮೊಬೈಲ್ ಚಾರ್ಜರ್‌ನ 5 ವೋಲ್ಟ್ ಸಾಕು. ಗೊಂಬೆ ಕೂರಿಸಿದ ಮೂಲೆಯಲ್ಲಿ ಪ್ಲಗ್ ಪಾಯಿಂಟ್ ಇಲ್ಲ ಎಂದು ನಾವು ಮೊದಲ ದಿನ ಪವರ್ ಬ್ಯಾಂಕ್ ಇಟ್ಟೆವು. ಆರತಿಗೆ ಮೊದಲು ದೀಪ ಹಚ್ಚಿದೆವು. ಅರ್ಧ ನಿಮಿಷಕ್ಕೆ ಆರಿತು. ಬಟನ್ ಒತ್ತಿದರೆ ಹತ್ತಿತು, ಮತ್ತೆ ಆರಿತು. ವೈರಿಂಗ್ ತಪ್ಪಾಗಿದೆ ಎಂದು ಪೆಟ್ಟಿಗೆ ಬಿಚ್ಚಿ ಕೂತೆ. ತಪ್ಪೇನೂ ಇರಲಿಲ್ಲ. ನಮ್ಮ ವಿಮಾನ ಚಿಪ್ ಸೇರಿ ಎಳೆಯುತ್ತಿದ್ದುದು 10 ಮಿಲಿಆಂಪ್ ಆಸುಪಾಸು. ಅಷ್ಟು ಕಡಿಮೆ ಹರಿದರೆ ಎಷ್ಟೋ ಪವರ್ ಬ್ಯಾಂಕುಗಳು ಫೋನ್ ತೆಗೆದುಬಿಟ್ಟಿದ್ದಾರೆ ಅಂದುಕೊಂಡು ತಾವೇ ಆಫ್ ಆಗುತ್ತವೆ.

ಮೂರು ಪೆನ್ಸಿಲ್ ಸೆಲ್ಲಿನ ಹೋಲ್ಡರ್ ತಂದೆವು. 4.5 ವೋಲ್ಟ್. ಬಿಳಿ ದೀಪ ಒಂಚೂರು ಮಂಕಾಯಿತು, ಪರವಾಗಿಲ್ಲ. ಮಾಮೂಲಿ 555ಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಸೆಲ್ ಇಳಿದಂತೆ ಅದು ತಾಳ ತಪ್ಪಬಹುದು. ಅದರ ಬದಲು ಅದರ ತಮ್ಮನಂತಿರುವ 7555 ಎಂಬ ಚಿಪ್ ಹಾಕಿದೆವು. ಕಾಲುಗಳು ಅದೇ ಜಾಗದಲ್ಲಿವೆ, 2 ವೋಲ್ಟ್ ತನಕ ನಡೆಯುತ್ತದೆ, ತಾನು ಕುಡಿಯುವ ಕರೆಂಟೂ ತೀರಾ ಕಡಿಮೆ. ದಿನಾ ಸಂಜೆ ನಾಲ್ಕು ಗಂಟೆಯಂತೆ ಹಬ್ಬ ಮುಗಿಯುವ ತನಕ ಒಂದೇ ಜೊತೆ ಸೆಲ್ ಬಂತು.

ವಿಜಯದಶಮಿ ಆದಮೇಲೆ ವಿಮಾನವನ್ನು ಗೊಂಬೆಗಳ ಜೊತೆ ಪೆಟ್ಟಿಗೆಗೆ ಹಾಕುವಾಗ ಸೆಲ್ ತೆಗೆದು ಬೇರೆ ಇಡಿ. ಒಳಗೇ ಬಿಟ್ಟರೆ ಮುಂದಿನ ನವರಾತ್ರಿಗೆ ತೆರೆಯುವಾಗ ಸೆಲ್ ಸೋರಿ, ಹೋಲ್ಡರ್‌ನ ಸ್ಪ್ರಿಂಗಿಗೆ ಬಿಳಿ ಪುಡಿ ಹಿಡಿದಿರುತ್ತದೆ.